ವಿರಾಜಪೇಟೆಯ ಆ ಪಂದಿ ಕರಿ ಮನೆಯಲ್ಲಿ ಯಾಕೆ ಬರುವುದಿಲ್ಲ?

ಕೇಳಿದವರು, ಮೈಸೂರು:

ವಿರಾಜಪೇಟೆಯಲ್ಲಿ ಗಡಿಯಾರ ಕಂಬದಿಂದ ಸ್ವಲ್ಪ ಕೆಳಗೆ ಒಂದು ಹೆಂಚಿನ ಹೋಟೆಲ್ ಇತ್ತು. ನಾಲ್ಕೇ ಬೆಂಚು. ಬುಧವಾರ ಸಂತೆ ಮುಗಿಸಿ ಅಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಹಬೆಯಲ್ಲಿ ಬೆಂದ ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಹಂದಿ ಮಾಂಸದ ಪಂದಿ ಕರಿ, ಆಮೇಲೆ ಬೆಲ್ಲದ ಕಾಫಿ. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಅಪ್ಪನಿಗೆ ಇತ್ತೀಚೆಗೆ ಊಟ ಸೇರುವುದಿಲ್ಲ, ಆ ಕರಿಯ ಮಾತು ಮಾತ್ರ ಬಿಡುವುದಿಲ್ಲ. ಮೂರು ಸಲ ಮಾಡಿ ಸೋತೆ. ಕರಿ ಕೆಂಪಗೆ ನಿಲ್ಲುತ್ತದೆ, ಕಪ್ಪಾಗುವುದಿಲ್ಲ. ಕಡಂಬುಟ್ಟು ಅಂಟು ಮುದ್ದೆ. ಎಲ್ಲಿ ತಪ್ಪುತ್ತಿದ್ದೇನೆ?

ಗೋಣಿಕೊಪ್ಪದಿಂದ:

ಕಪ್ಪು ಬರುವುದು ಎರಡು ಕಡೆಯಿಂದ. ಒಂದು ಹುರಿದ ಮಸಾಲೆ, ಇನ್ನೊಂದು ಕಾಚಂಪುಳಿ ಅನ್ನುವ ಕಪ್ಪು ಹುಳಿ. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಚೂರು ಸಾಸಿವೆ, ನಾಲ್ಕು ಕಾಳು ಮೆಂತ್ಯ. ಇದನ್ನು ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಹುರಿಯಿರಿ. ಘಂ ಅಂದ ಕೂಡಲೇ ಇಳಿಸುತ್ತೀರಿ, ಅಲ್ವಾ? ಎಲ್ಲರೂ ಅಲ್ಲೇ ಹೆದರುವುದು. ಕಾಫಿ ಬೀಜದ ಬಣ್ಣಕ್ಕೆ ಬರುವವರೆಗೆ ಬಿಡಿ. ಮೆಂತ್ಯ ಮಾತ್ರ ಕೊನೆಗೆ ಹಾಕಿ, ಬೇಗ ಸೀಯುತ್ತದೆ.

ಕಾಚಂಪುಳಿ ನೋಡಿ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಹಣ್ಣಾದ ಪಣಂಪುಳಿಯನ್ನು ಬುಟ್ಟಿಯಲ್ಲಿ ಪೇರಿಸಿಟ್ಟು, ಕೆಳಗಿನ ಪಾತ್ರೆಗೆ ತೊಟ್ಟಿಕ್ಕಿದ ರಸವನ್ನು ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸುತ್ತಾರೆ. ಬುಟ್ಟಿಗಟ್ಟಲೆ ಹಣ್ಣಿಗೆ ಸಿಗುವುದು ಸ್ವಲ್ಪವೇ. ಅದಕ್ಕೇ ಬೆಲೆ ಜಾಸ್ತಿ, ಅದಕ್ಕೇ ನೀರು ಬೆರೆಸುವವರೂ ಇದ್ದಾರೆ. ಚಮಚದಿಂದ ಬಿಟ್ಟರೆ ಬೆಲ್ಲದ ಪಾಕದ ಹಾಗೆ ಇಳಿಯಬೇಕು. ಒಂದು ಕೆಜಿ ಮಾಂಸಕ್ಕೆ ಒಂದು ದೊಡ್ಡ ಚಮಚ ಸಾಕು, ಅದೂ ಮಾಂಸ ಬೆಂದ ಮೇಲೆ. ಹುಳಿ ಕಮ್ಮಿ ಅನಿಸಿದರೆ ಇನ್ನರ್ಧ. ಹಾಕಿದ ಮೇಲೆ ಹತ್ತು ನಿಮಿಷ ಸಣ್ಣಗೆ ಕುದಿಯಲಿ.

ಅಮ್ಮತ್ತಿಯಿಂದ:

ಟೊಮೆಟೊ ಹಾಕಿದ್ರಾ? ನಿಜ ಹೇಳಿ.

ಕೇಳಿದವರು:

ಒಂದೇ ಒಂದು.

ಅಮ್ಮತ್ತಿಯಿಂದ:

ಅದೇ ಕೆಂಪು.

ಪೊನ್ನಂಪೇಟೆಯಿಂದ:

ಕರಿ ವಿಷಯ ಅವರು ಹೇಳಿಯಾಯಿತು. ಕಡಂಬುಟ್ಟಿಗೆ ನೀವು ಪ್ಯಾಕೆಟ್ ಅಕ್ಕಿ ರವೆ ತಂದಿರಬೇಕು. ಅದರಲ್ಲಿ ಹಿಟ್ಟೂ ಇರುತ್ತದೆ, ಅಂಟುವುದು ಅದೇ. ಅಕ್ಕಿ ತೊಳೆದು, ಬಟ್ಟೆ ಮೇಲೆ ಹರಡಿ, ಪೂರ್ತಿ ಒಣಗಿದ ಮೇಲೆ ಮಿಕ್ಸಿಯಲ್ಲಿ ಒಂದೆರಡು ಸುತ್ತು ಕೊಡಿ. ಜರಡಿ ಹಿಡಿದು ಹಿಟ್ಟು ಬೇರೆ ಮಾಡಿ, ಅದು ಅಕ್ಕಿ ರೊಟ್ಟಿಗೆ ಆಗುತ್ತದೆ. ತರಿ ಒಂದು ಲೋಟಕ್ಕೆ ನೀರು ಎರಡು ಲೋಟ, ಉಪ್ಪು. ನೀರು ಕುದಿದ ಮೇಲೆ ತರಿ ಸುರಿದು, ಒಮ್ಮೆ ತಿರುವಿ, ಮುಚ್ಚಿ. ಆಮೇಲೆ ಸುಮ್ನೆ ಬಿಡಿ, ಕೈಯಾಡಿಸಬೇಡಿ! ನೀರು ಆರಿದ ಮೇಲೆ ಕೈ ಸುಡುವ ಬಿಸಿ ಇರುವಾಗಲೇ, ಅಂಗೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಬೇಕು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಆರಿದ ಮೇಲೆ ಕಟ್ಟಿದರೆ ಬಿರುಕು ಬಿಡುತ್ತದೆ. ಆಮೇಲೆ ಇಪ್ಪತ್ತು ನಿಮಿಷ ಹಬೆ. ನನ್ನ ಅತ್ತೆ ಉಂಡೆಯನ್ನು ತಟ್ಟೆಗೆ ಎಸೆದು ಪರೀಕ್ಷೆ ಮಾಡುತ್ತಿದ್ದರು. ಒಡೆಯಲೂಬಾರದು, ಅಂಟಿಕೊಳ್ಳಲೂಬಾರದು, ಉರುಳಬೇಕು.

ವಿರಾಜಪೇಟೆಯಿಂದ:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಹಾಗೆ ಮಾಡಿದರೂ ನಿಮ್ಮ ಅಪ್ಪನ ಕರಿ ಬರುವುದಿಲ್ಲ.

ನಮ್ಮ ಮಾವ ಆ ಹೋಟೆಲಿಗೆ ಸೌದೆ ಹಾಕುತ್ತಿದ್ದರು. ಲೆಕ್ಕ ಚುಕ್ತಾ ಆಗುವವರೆಗೆ ನಾನು ಅಡುಗೆಮನೆ ಬಾಗಿಲಲ್ಲಿ ಕೂತಿರುತ್ತಿದ್ದೆ, ಒಂದು ತುಂಡು ಸಿಕ್ಕೇ ಸಿಗುತ್ತಿತ್ತು. ಅಡುಗೆಯವರು ಕೊಡಗಿನವರಲ್ಲ. ಕೇರಳದ ಇರಿಟ್ಟಿ ಕಡೆಯಿಂದ ಮಾಕುಟ್ಟ ಘಾಟಿ ಹತ್ತಿ ಬಂದವರು. ಅವರು ಮಾಂಸವನ್ನು ಅದರ ಕೊಬ್ಬಿನಲ್ಲೇ ಬೇಯಿಸುತ್ತಿದ್ದದ್ದು ನಿಜ, ಆದರೆ ಕೊನೆಗೆ ತೆಂಗಿನೆಣ್ಣೆಯಲ್ಲಿ ಕರಿಬೇವು, ಚಿಕ್ಕ ಈರುಳ್ಳಿ ಸಿಡಿಸಿ ಮೇಲೆ ಸುರಿಯುತ್ತಿದ್ದರು. ನಮ್ಮ ಮನೆಯಲ್ಲಿ ಹೀಗೆ ಮಾಡಿದರೆ ಅಜ್ಜಿ ಪಾತ್ರೆ ಎತ್ತಿ ಹೊರಗಿಡುತ್ತಿದ್ದರು. ಹೋಟೆಲಲ್ಲಿ ಮಾತ್ರ ಅಜ್ಜಿಯೂ ಎರಡನೇ ಸಲ ಹಾಕಿಸಿಕೊಂಡದ್ದನ್ನು ನೋಡಿದ್ದೇನೆ.

ಇನ್ನೊಂದು, ನಿಮಗೆ ಬಡಿಸುತ್ತಿದ್ದದ್ದು ಅವತ್ತಿನ ಕರಿಯೇ ಅಲ್ಲ. ಮಂಗಳವಾರ ರಾತ್ರಿ ಮಾಡಿ, ಕೆಂಡ ಹರಡಿ, ಅದರ ಮೇಲೆ ಮಣ್ಣಿನ ಪಾತ್ರೆ ಬಿಟ್ಟು ಹೋಗುತ್ತಿದ್ದರು. ಬೆಳಗ್ಗೆ ಅಂಚಿನಲ್ಲಿ ಟಾರಿನ ಹಾಗೆ ಕಪ್ಪು ಕಟ್ಟಿರುತ್ತಿತ್ತು. ಅದನ್ನು ಮರದ ಸೌಟಿನಿಂದ ಕೆರೆದು ಒಳಗೇ ಸೇರಿಸುತ್ತಿದ್ದರು. ಮೈಸೂರಿನಲ್ಲಿ ಕೆಂಡ ಎಲ್ಲಿಂದ ತರುತ್ತೀರಿ? ದಪ್ಪ ತಳದ ಪಾತ್ರೆಯಲ್ಲಿ ಹಿಂದಿನ ದಿನ ಮಾಡಿ, ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಮಾರನೇ ದಿನ ಮುಚ್ಚಳ ತೆಗೆದು, ಅರ್ಧ ಗಂಟೆ ತೀರಾ ಸಣ್ಣ ಉರಿಯಲ್ಲಿ ಅಂಚು ಕೆರೆಯುತ್ತಾ ಬಿಸಿ ಮಾಡಿ. ಕುಕ್ಕರ್ ಬೇಡ.

ಕೈ ತೊಳೆಯುವ ಜಾಗ ಹೇಗಿತ್ತು ಅಂತ ನೆನಪಿದೆಯಾ? ಅದನ್ನು ಯಾರೂ ಕೇಳುವುದಿಲ್ಲ ಬಿಡಿ.

ಸಿದ್ದಾಪುರದಿಂದ:

ನಮ್ಮ ತಂದೆಗೂ ಕೊನೆಕೊನೆಗೆ ಹೀಗೇ ಆಗಿತ್ತು. ಬಾಯಿಗೆ ರುಚಿ ಬೇಕು, ಹಲ್ಲಿಗೆ ಆಗುವುದಿಲ್ಲ. ಚರ್ಮದ ತುಂಡು ಕೊಡಲೇಬೇಡಿ. ಕಡಂಬುಟ್ಟನ್ನು ಮುರಿದು ಗ್ರೇವಿಯಲ್ಲಿ ಐದು ನಿಮಿಷ ನೆನೆಸಿಡಿ. ಅಥವಾ ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ ಮಾಡಿ, ನುಂಗಲು ಸುಲಭ. ಉಪ್ಪು, ಕೊಬ್ಬು ಎಷ್ಟಾಗಬಹುದು ಅಂತ ಡಾಕ್ಟರನ್ನು ಒಮ್ಮೆ ಕೇಳಿ.

ಕೇಳಿದವರು, ಎರಡು ವಾರದ ಮೇಲೆ:

ಮಾಡಿದೆ. ಟೊಮೆಟೊ ಇಲ್ಲ, ಕುಕ್ಕರ್ ಇಲ್ಲ. ಕರಿಬೇವು ತೆಂಗಿನೆಣ್ಣೆಗೆ ಬಿದ್ದ ಕೂಡಲೇ ಅಪ್ಪ ಕೋಣೆಯಿಂದ "ಯಾರು ಬಂದದ್ದು?" ಅಂತ ಕೇಳಿದರು. ಒಂದು ಕಡಂಬುಟ್ಟು ಪೂರ್ತಿ ತಿಂದರು, ಇನ್ನೊಂದರಲ್ಲಿ ಅರ್ಧ. ಚರ್ಮದ ತುಂಡು ಎಲ್ಲಿ ಅಂತ ಜಗಳವಾಡಿದರು. ಹುಳಿ ಮಾತ್ರ ಸರಿಯಿಲ್ಲವಂತೆ. ಇಲ್ಲಿ ಸಿಕ್ಕಿದ ಕಾಚಂಪುಳಿ ನೀರು ಬೆರೆಸಿದ್ದೇ ಇರಬೇಕು.

ಗೋಣಿಕೊಪ್ಪದಿಂದ:

ನಮ್ಮಲ್ಲಿ ಹೋದ ವರ್ಷದ್ದು ಇದೆ, ಕಳಿಸುತ್ತೇನೆ. ಶನಿವಾರ ನನ್ನ ತಮ್ಮ ಮೈಸೂರಿಗೆ ಬರುತ್ತಾನೆ, ಬಸ್ ಸ್ಟ್ಯಾಂಡಿಗೆ ಬನ್ನಿ. ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಕವರಿನಲ್ಲಿ ಕಟ್ಟುತ್ತೇನೆ. ಹೋದ ಸಲ ಬಾಟಲಿ ಸೋರಿ ಅವನ ಹೊಸ ಬ್ಯಾಗ್ ಕಪ್ಪಾಗಿತ್ತು, ಇನ್ನೂ ಹೋಗಿಲ್ಲ.