ಕರಗಿದ ಉಪ್ಪಿಗೆ ಯಾವ ಪಾತ್ರೆ? ಸ್ಟೀಲೋ, ನಿಕಲ್ಲೋ, ಗ್ರಾಫೈಟೋ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ರಿಯಾಕ್ಟರ್‌ನಲ್ಲಿ ಉರಿದು ಹೊರಬಂದ ಇಂಧನವನ್ನು ಕರಗಿದ ಉಪ್ಪಿನಲ್ಲಿ ಬೇರ್ಪಡಿಸುವ ಪೈರೋಪ್ರೊಸೆಸಿಂಗ್ ಬಗ್ಗೆ ಓದುತ್ತಿದ್ದೇನೆ. ಲಿಥಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಮಿಶ್ರಣ, ಸುಮಾರು 500 ಡಿಗ್ರಿ. ಒಂದು ಕಡೆ ಸ್ಟೀಲ್ ಸಾಕು ಅಂತಾರೆ, ಇನ್ನೊಂದು ಕಡೆ ನಿಕಲ್ ಮಿಶ್ರಲೋಹವೇ ಬೇಕು ಅಂತಾರೆ, ಮತ್ತೊಂದು ಕಡೆ ಗ್ರಾಫೈಟ್. ಸ್ಟೇನ್‌ಲೆಸ್ ಸ್ಟೀಲನ್ನು ಕಾಯೋದೇ ಕ್ರೋಮಿಯಂ, ಇಲ್ಲಿ ಅದೇ ಮೊದಲು ಕರಗಿ ಹೋಗುತ್ತೆ ಅಂತ ಓದಿ ತಲೆ ಕೆಟ್ಟಿದೆ. ಎಲ್ಲ ಹಂತಕ್ಕೂ ಆಗುವ ಒಂದೇ ಪಾತ್ರೆ ಇಲ್ವಾ?

ಉತ್ತರ 1:
ಇಲ್ಲ. ಮೊದಲು ಆ ಹಂತದಲ್ಲಿ ಉಪ್ಪಿನ ಜೊತೆ ಇನ್ನೇನು ಇರುತ್ತೆ ಅಂತ ನೋಡಿ, ಪಾತ್ರೆ ಆಮೇಲೆ. ನೀರು, ಗಾಳಿಯಲ್ಲಿ ಕ್ರೋಮಿಯಂ ಆಕ್ಸೈಡಿನ ತೆಳು ಪದರ ಸ್ಟೀಲನ್ನು ಕಾಯುತ್ತದೆ. ಕರಗಿದ ಕ್ಲೋರೈಡಿನಲ್ಲಿ ಆ ಪದರ ನಿಲ್ಲುವುದಿಲ್ಲ. ಕಬ್ಬಿಣ, ನಿಕಲ್‌ಗಿಂತ ಕ್ರೋಮಿಯಂಗೆ ಕ್ಲೋರಿನ್ ಮೇಲೆ ಒಲವು ಜಾಸ್ತಿ, ಅದಕ್ಕೇ ಮೊದಲು ಅದು ಹೋಗುತ್ತದೆ.

ಆದರೆ ಉಪ್ಪು ಚೆನ್ನಾಗಿ ಒಣಗಿದ್ದು, ಸುತ್ತ ಶುದ್ಧ ಆರ್ಗಾನ್ ಇದ್ದರೆ ಈ ಸವೆತ ತುಂಬಾ ನಿಧಾನ. ನಿಜವಾದ ಕಾಟ ತೇವದ್ದು. ಲಿಥಿಯಂ ಕ್ಲೋರೈಡ್ ಗಾಳಿಯಿಂದ ನೀರು ಹೀರುತ್ತೆ, ಬಿಸಿಯಾದಾಗ ಹೈಡ್ರೋಜನ್ ಕ್ಲೋರೈಡ್ ಹುಟ್ಟುತ್ತೆ. ನಾವು ಒಮ್ಮೆ ಯುರೇನಿಯಂ ಇಲ್ಲದ ಬರೀ ಉಪ್ಪಿನಲ್ಲಿ ಸ್ಟೀಲ್ ತುಂಡು ಇಟ್ಟು ನೋಡಿದ್ದೆವು. ಉಪ್ಪನ್ನು ನಿರ್ವಾತದಲ್ಲಿ ಒಣಗಿಸಲು ಅವಸರ ಮಾಡಿದ್ದೆವು. ತೊಳೆದಾಗ ತುಂಡು ಹೊರಗಿನಿಂದ ಸರಿಯಾಗೇ ಕಂಡಿತು, ತೂಕವೂ ಅಷ್ಟೇನೂ ಇಳಿದಿರಲಿಲ್ಲ. ಅಡ್ಡ ಕತ್ತರಿಸಿ ಪಾಲಿಶ್ ಮಾಡಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಮೇಲ್ಮೈ ಕೆಳಗೆ ಸಾಲಾಗಿ ತೂತು, ಕ್ರೋಮಿಯಂ ಎದ್ದು ಹೋದ ಜಾಗಗಳು. ಬರೀ ತೂಕ ನಂಬಬೇಡಿ.

ಉತ್ತರ 2:
ಮೇಲಿನವರ ಮಾತು ಸರಿ. ನಿಕಲ್ ಬಗ್ಗೆ ಒಂದು ಮಾತು ಸೇರಿಸ್ತೀನಿ. ಬರೀ ಉಪ್ಪಾದರೆ ನಿಕಲ್ ಸುಲಭಕ್ಕೆ ಕರಗಲ್ಲ, ನಿಜ. ಆದರೆ ಉಪ್ಪಿನ ತಳದಲ್ಲಿ ಕರಗಿದ ಕ್ಯಾಡ್ಮಿಯಂ ಲೋಹ ಇದ್ದರೆ ಕಥೆಯೇ ಬೇರೆ, ಅದು ನಿಕಲನ್ನು ಚೆನ್ನಾಗಿ ಕರಗಿಸಿಕೊಳ್ಳುತ್ತದೆ. ಅಲ್ಲಿ ನಿಕಲ್ ಕಡಿಮೆ ಇರುವ ಸ್ಟೀಲೇ ವಾಸಿ. ಅಮೆರಿಕದ ಇಡಾಹೊದಲ್ಲಿ ಇಬಿಆರ್-2 ರಿಯಾಕ್ಟರ್‌ನ ಇಂಧನವನ್ನು 1996ರಿಂದ ಸಂಸ್ಕರಿಸಿದ್ದು ಸ್ಟೀಲ್ ಪಾತ್ರೆಯಲ್ಲೇ. ಕ್ಲೋರಿನ್ ಅನಿಲ ಊದುವ ವಿಧಾನಕ್ಕೆ ಮಾತ್ರ ಸ್ಟೀಲ್ ಮರೆತುಬಿಡಿ. ರಷ್ಯಾದವರು ಅದಕ್ಕೆ ಗ್ರಾಫೈಟ್ ಪಾತ್ರೆ ಹಿಡಿದರು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಆಕ್ಸೈಡ್ ಇಂಧನವನ್ನು ಮೊದಲು ಲೋಹ ಮಾಡಬೇಕಲ್ವಾ, ಆ ಹಂತಕ್ಕೆ ಸೆರಾಮಿಕ್ ಹಾಕಿದರೆ ಆಯ್ತಾ?

ಉತ್ತರ 1:
ಯಾವ ಸೆರಾಮಿಕ್ ಅನ್ನೋದೇ ಮುಖ್ಯ. ಅದು ಸುಮಾರು 650 ಡಿಗ್ರಿ, ಲಿಥಿಯಂ ಕ್ಲೋರೈಡಿನಲ್ಲಿ ಲಿಥಿಯಂ ಆಕ್ಸೈಡ್ ಕರಗಿರುತ್ತೆ, ವಿದ್ಯುತ್ ಹರಿಸಿದಾಗ ಆನೋಡಿನಲ್ಲಿ (ಧನ ವಿದ್ಯುದ್ವಾರದಲ್ಲಿ) ಆಮ್ಲಜನಕ ಬರುತ್ತೆ. ನನ್ನ ಲೆಕ್ಕದಲ್ಲಿ ಪಾತ್ರೆಗೆ ಇದೇ ಅತಿ ಕಷ್ಟದ ಹಂತ. ಲಿಥಿಯಂ ಆಕ್ಸೈಡ್ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಜೊತೆ ಸೇರಿ ಲಿಥಿಯಂ ಅಲ್ಯುಮಿನೇಟ್ ಆಗುತ್ತೆ. ಕ್ವಾರ್ಟ್ಜ್ ಅಂತೂ ಬೇಡವೇ ಬೇಡ. ಮೆಗ್ನೀಷಿಯಾ (ಮೆಗ್ನೀಷಿಯಂ ಆಕ್ಸೈಡ್) ತಡೆದುಕೊಳ್ಳುತ್ತದೆ, ಆದರೆ ಬೇಗ ಬಿಸಿ ಮಾಡಿದರೆ, ಬೇಗ ಆರಿಸಿದರೆ ಬಿರುಕು ಬಿಡುತ್ತೆ. ಅದಕ್ಕೇ ಹೊರಗೆ ಲೋಹದ ಪಾತ್ರೆ ಇಟ್ಟು, ಆನೋಡಿನ ಸುತ್ತ ಕವಚ ಹಾಕಿ, ಆಮ್ಲಜನಕ ಗೋಡೆಗೆ ತಾಗದ ಹಾಗೆ ಆರ್ಗಾನ್ ಜೊತೆ ಹೊರಗೆ ಎಳೆಯಬೇಕು.

ಉತ್ತರ 2:
ಕೊನೆಗೆ ಬರುವ ಯುರೇನಿಯಂ ಕರಗಿಸಲು ಬರೀ ಸ್ಟೀಲ್ ಪಾತ್ರೆ ಮುಟ್ಟಬೇಡಿ. ಯುರೇನಿಯಂ ಕರಗೋದು 1,130 ಡಿಗ್ರಿ ದಾಟಿದ ಮೇಲೆ, ಕಬ್ಬಿಣದ ಜೊತೆ ಸೇರಿದರೆ 725ರ ಹತ್ತಿರವೇ ಕರಗುತ್ತೆ. ಯಿಟ್ರಿಯಾ (ಯಿಟ್ರಿಯಂ ಆಕ್ಸೈಡ್) ಲೇಪ ಹಚ್ಚಿದ ಗ್ರಾಫೈಟ್ ನೋಡಿ.

ಇನ್ನೊಂದು, ಪರೀಕ್ಷೆ ಮಾಡೋದಾದರೆ ನಿಕಲ್ ಪಾತ್ರೆಯಲ್ಲಿ ಸ್ಟೀಲ್ ತುಂಡು ನೇತುಹಾಕಬೇಡಿ. ತುಂಡಿನ ಕ್ರೋಮಿಯಂ ಉಪ್ಪಿನ ಮೂಲಕ ಹೋಗಿ ನಿಕಲ್ ಗೋಡೆಗೆ ಸೇರಿಕೊಳ್ಳುತ್ತೆ, ಸವೆತ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತೆ. ಪಾತ್ರೆಯೂ ಅದೇ ಸ್ಟೀಲಿನದ್ದಿರಲಿ, ತುಂಡಿನಲ್ಲಿ ಒಂದು ವೆಲ್ಡಿಂಗ್ ಕೀಲೂ ಇರಲಿ.