ಎರೆಯಲ್ಲಿ ಕಪ್ಪು ಬೇರು, ಮಸಾರಿಯಲ್ಲಿ ಕೆಂಪು ಬೇರು: ಭತ್ತದ ತಳಿಯ ಗುಣವೋ, ಮಣ್ಣಿನ ಗುಣವೋ?

ಪ್ರಶ್ನೆ (ಶಹಾಪುರ ತಾಲ್ಲೂಕಿನ ರೈತ):
ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಎರೆ (ಕಪ್ಪು ಮಣ್ಣು) ಹಾಗೂ ಮಸಾರಿ (ಕೆಂಪು ಮಣ್ಣು) ಎರಡೂ ಹೊಲಗಳಲ್ಲಿ ಬಿಪಿಟಿ 5204 ಮತ್ತು ಆರ್‌ಎನ್‌ಆರ್ 15048 ತಳಿಗಳನ್ನು ನಾಟಿ ಮಾಡುತ್ತೇವೆ. ಸಸಿಮಡಿ, ಗೊಬ್ಬರ ಎಲ್ಲವೂ ಒಂದೇ. ಆದರೂ ಎರೆಯಲ್ಲಿ ಬಿಪಿಟಿ ಚೆನ್ನಾಗಿ ತೆಂಡೆ (ಬುಡದಿಂದ ಬರುವ ಕವಲು) ಒಡೆದು, ಕಾಳು ತುಂಬುವ ಹೊತ್ತಿಗೆ ಕೆಳಗಿನ ಎಲೆಗಳು ಹಳದಿಯಾಗಿ ಜೊಳ್ಳು ಹೆಚ್ಚುತ್ತದೆ. ಕಿತ್ತು ನೋಡಿದರೆ ಬೇರು ಕಪ್ಪು. ಮಸಾರಿಯಲ್ಲಿ ತೆಂಡೆ ಕಡಿಮೆ, ಬೇರು ಮಾತ್ರ ಕೆಂಪು-ಕಂದು. ತಳಿ ಬದಲಿಸಬೇಕೇ?

ಉತ್ತರ (ಕೃಷಿ ಪದವೀಧರ, ಭೀಮರಾಯನಗುಡಿ):
ಮೊದಲು ಮಣ್ಣನ್ನು ನೋಡಿ, ಅಣ್ಣಾವ್ರೇ. ಭತ್ತದ ಬೇರು ತನ್ನೊಳಗಿನ ಗಾಳಿಕೋಶಗಳ ಮೂಲಕ ಎಲೆಯಿಂದ ಬಂದ ಆಮ್ಲಜನಕವನ್ನು ಹೊರಗೆ ಬಿಡುತ್ತದೆ. ಅದು ಮಣ್ಣಿನಲ್ಲಿ ಕರಗಿದ ಕಬ್ಬಿಣವನ್ನು ತುಕ್ಕಾಗಿಸಿ ಬೇರಿಗೆ ಕೆಂಪು ಲೇಪ ಕೊಡುತ್ತದೆ. ಆದ್ದರಿಂದ ಕೆಂಪು ಬೇರು ಕಂಡರೆ ಗಾಬರಿಯಾಗಬೇಕಿಲ್ಲ. ಸದಾ ನೀರು ನಿಂತ ಎರೆಯಲ್ಲಿ, ಹಸಿ ಹುಲ್ಲು ಕೊಳೆಯುತ್ತಿದ್ದರೆ ವಿಶೇಷವಾಗಿ, ಗಂಧಕದ ವಿಷಕಾರಿ ಅನಿಲ ಹುಟ್ಟಿ, ಅದು ಕಬ್ಬಿಣದೊಂದಿಗೆ ಸೇರಿ ಬೇರನ್ನು ಕಪ್ಪಾಗಿಸುತ್ತದೆ. ಎಷ್ಟು ಆಮ್ಲಜನಕ ಹೊರಬಿಡುತ್ತದೆ, ಬೇರು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದರಲ್ಲಿ ತಳಿಗಳು ಖಂಡಿತ ಭಿನ್ನ. ಬೇರನ್ನು ನೆಟ್ಟಗೆ ಕೆಳಕ್ಕಿಳಿಸುವ ಡಿಆರ್‌ಒ1 ಎಂಬ ಜೀನನ್ನು ಫಿಲಿಪ್ಪೀನ್ಸ್‌ನ ತಳಿಯೊಂದರಲ್ಲಿ ಗುರುತಿಸಿ, ಅದನ್ನು ಐಆರ್ 64 ಎಂಬ ಭತ್ತದ ತಳಿಗೆ ಸೇರಿಸಿದಾಗ ಬರದಲ್ಲಿ ಇಳುವರಿ ಉಳಿಯಿತೆಂದು 2013ರಲ್ಲಿ ವರದಿಯಾಗಿದೆ. ಆದರೆ ನಿಮ್ಮ ಎರೆಯಲ್ಲಿ ಪ್ರಶ್ನೆ ಆಳದ್ದಲ್ಲ, ಉಸಿರಿನದು. ಬಿಪಿಟಿ ದೀರ್ಘಾವಧಿ ತಳಿ. ಅದರ ಬೇರು ಆರ್‌ಎನ್‌ಆರ್‌ಗಿಂತ ಹೆಚ್ಚು ದಿನ ಜೀವಂತವಾಗಿರಬೇಕು. ಎಲೆಯನ್ನು ಹಸಿರಾಗಿಡುವ ಸೈಟೋಕೈನಿನ್ ಎಂಬ ಹಾರ್ಮೋನು ಹೆಚ್ಚಾಗಿ ಬೇರಿನ ತುದಿಯಲ್ಲಿ ತಯಾರಾಗುವುದರಿಂದ, ಬೇರು ಸೊರಗಿದೊಡನೆ ಎಲೆ ಹಳದಿಗೆ ತಿರುಗುತ್ತದೆ. ತೆಂಡೆ ಒಡೆಯುವುದು ಮುಗಿಯುವ ಹಂತದಲ್ಲಿ ನೀರು ಬಸಿದು ನೋಡಿ. ಎರೆಯಲ್ಲಿ ಕೂದಲೆಳೆಯ ಬಿರುಕು ಕಂಡೊಡನೆ ಮತ್ತೆ ನೀರು ಕಟ್ಟಿ. ಬಿರುಕು ಅಗಲವಾದರೆ ಆಮೇಲೆ ನೀರು ನಿಲ್ಲುವುದಿಲ್ಲ.

ಉತ್ತರ (ಸುರಪುರ ಭಾಗದ ರೈತ):
ಕಾಲುವೆಯ ಕೊನೆಭಾಗದವರು ಸವಳನ್ನು (ಮಣ್ಣಿನ ಉಪ್ಪಿನಂಶವನ್ನು) ಮರೆಯಬಾರದು. ನಮ್ಮಲ್ಲಿ ಗಂಗಾವತಿ ಸೋನಾ ತಳಿ ತಾಳಿಕೊಳ್ಳುತ್ತದೆ, ಬಿಪಿಟಿ ನಾಟಿಯಾದ ಮೇಲೆ ಬಹಳ ದಿನ ಬೇರೂರದೆ ನಿಲ್ಲುತ್ತದೆ. ಸುಣ್ಣದ ಅಂಶವಿರುವ ಎರೆಯಲ್ಲಿ ಸತುವಿನ ಕೊರತೆಯೂ ಸಾಮಾನ್ಯ. ಜಿಂಕ್ ಸಲ್ಫೇಟ್ ಎಕರೆಗೆ 8ರಿಂದ 10 ಕಿಲೋ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸುವುದು ಲೇಸು.

ಪ್ರಶ್ನೆ ಕೇಳಿದವರು:
ನಮ್ಮ ಹೊಲ ಕೊನೆಭಾಗದಲ್ಲಿಲ್ಲ. ಯಾವ ತಳಿಯ ಬೇರು ಹೆಚ್ಚು ಚಟುವಟಿಕೆಯಿಂದಿದೆ ಎಂದು ಹೊಲದಲ್ಲೇ ತಿಳಿಯಬಹುದೇ?

ಉತ್ತರ (ಕೃಷಿ ಪದವೀಧರ, ಭೀಮರಾಯನಗುಡಿ):
ತಿಳಿಯಬಹುದು. ತೆನೆ ಹೊರಬಂದಾಗ, ಸಂಜೆ ಎರಡೂ ತಳಿಗಳಲ್ಲಿ ಒಂದೇ ಸಂಖ್ಯೆಯ ತೆಂಡೆಗಳನ್ನು ಬುಡದಿಂದ ಗೇಣುದ್ದ ಬಿಟ್ಟು ಕತ್ತರಿಸಿ, ತೂಗಿದ ಒಣಹತ್ತಿಯನ್ನು ಕೊಯ್ದ ಜಾಗಕ್ಕೆ ಇಟ್ಟು ಪ್ಲಾಸ್ಟಿಕ್ ಹಾಳೆಯಿಂದ ಬಿಗಿದು ಕಟ್ಟಿ. ಬೆಳಿಗ್ಗೆ ಹತ್ತಿಯನ್ನು ಮತ್ತೆ ತೂಗಿ. ಬೇರು ಮೇಲಕ್ಕೆ ತಳ್ಳಿದ ರಸ ಹೆಚ್ಚಿದ್ದಷ್ಟೂ ಬೇರು ಚುರುಕು. ಎರೆಯಲ್ಲೂ ಮಸಾರಿಯಲ್ಲೂ ಒಂದೇ ರಾತ್ರಿ ಮಾಡಿದರೆ ಮಾತ್ರ ಹೋಲಿಕೆಗೆ ಅರ್ಥ.