ಹೈಸ್ಕೂಲಲ್ಲಿ ಗಣಿತ ಸಂಘ: ವರ್ಷಪೂರ್ತಿ ನಡೆಸುವುದು ಹೇಗೆ?

ಬಯಲುಸೀಮೆ ಟೀಚರ್

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ಕಡೆಯ ಒಂದು ಸರ್ಕಾರಿ ಹೈಸ್ಕೂಲಲ್ಲಿ ಗಣಿತ ಟೀಚರ್ ನಾನು. 8, 9, 10 ಮೂರೂ ತರಗತಿಗೆ ನಾನೊಬ್ಬಳೇ. ನಮ್ಮಲ್ಲಿ ಗಣಿತ ಸಂಘ ಅಂತ ಹೆಸರಿಗೆ ಇದೆ. ಡಿಸೆಂಬರ್ 22ಕ್ಕೆ ರಾಮಾನುಜನ್ ಫೋಟೋಗೆ ಹಾರ ಹಾಕಿ, ಎರಡು ಭಾಷಣ, ಒಂದು ಕ್ವಿಜ್ ಮಾಡುತ್ತೇವೆ. ಆಮೇಲೆ ಮತ್ತೆ ಮುಂದಿನ ಡಿಸೆಂಬರ್‌ಗೇ.

ಈ ವರ್ಷ ವಾರವಾರವೂ ನಡೆಸಬೇಕು ಅಂತ ಆಸೆ. ಎಚ್‌ಎಂ ಒಪ್ಪಿದ್ದಾರೆ, ಆದರೆ "ಎಸ್‌ಎಸ್‌ಎಲ್‌ಸಿ ರಿಸಲ್ಟ್‌ಗೆ ಉಪಯೋಗ ಆಗುವ ಹಾಗೆ ಇರಲಿ" ಅಂದರು. ಯಾರನ್ನು ಸೇರಿಸಿಕೊಳ್ಳಲಿ? ಯಾವ ಹೊತ್ತಲ್ಲಿ ನಡೆಸಲಿ? ಮಕ್ಕಳೆಲ್ಲ ಹಳ್ಳಿಗಳಿಂದ ಬಸ್ಸಲ್ಲಿ ಬರುವವರು. ಖರ್ಚಿಗೆ ದುಡ್ಡಿಲ್ಲ. ಮೊದಲ ದಿನ ಏನು ಮಾಡಿಸಿದರೆ ಚೆನ್ನ? ಒಲಿಂಪಿಯಾಡ್‌ಗೆ ತಯಾರು ಮಾಡಿ ಅಂತ ಒಬ್ಬ ಪೋಷಕರು ಕೇಳಿದ್ದಾರೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಅದು ಆಗುತ್ತದಾ?

ಮಲೆನಾಡ ಮೇಷ್ಟ್ರು

ಮೇಡಂ, ನಾನು ಶಿವಮೊಗ್ಗ ಜಿಲ್ಲೆಯ ಹಳ್ಳಿ ಹೈಸ್ಕೂಲಲ್ಲಿ ರಿಟೈರ್ ಆಗುವ ತನಕ ಶನಿವಾರದ ಸಂಘ ನಡೆಸಿದವನು. ಒಂದೇ ಮಾತು ಒತ್ತಿ ಹೇಳುತ್ತೇನೆ: ಸಂಘದಲ್ಲಿ ಪಾಠ ಮಾಡಬೇಡಿ. ಸ್ಪೆಷಲ್ ಕ್ಲಾಸು, ಪಾಸಿಂಗ್ ಪ್ಯಾಕೇಜು ಅದರ ಪಾಡಿಗೆ ಬೇರೆ ನಡೆಯಲಿ. ಸಂಘಕ್ಕೆ ವಾರಕ್ಕೆ ಒಂದೇ ಲೆಕ್ಕ ಸಾಕು. ಅದನ್ನು ಮಕ್ಕಳೇ ಬಿಡಿಸಬೇಕು. ಉತ್ತರ ನಿಮ್ಮ ಬಾಯಿಂದ ಬರಬಾರದು.

ಹೊತ್ತಿನ ವಿಷಯ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಬಸ್ಸು ಬರುವ ತನಕ ನಮ್ಮ ಮಕ್ಕಳು ಸ್ಟ್ಯಾಂಡಲ್ಲಿ ಸುಮ್ನೆ ಕೂರುತ್ತಿದ್ದರು. ಆ ಹೊತ್ತನ್ನೇ ಸಂಘಕ್ಕೆ ಇಟ್ಟುಕೊಂಡೆವು. ನಿಮ್ಮಲ್ಲಿ ಬಸ್ಸು ಬೇಗ ಇದ್ದರೆ ಕೊನೆಯ ಪೀರಿಯಡ್ ಕೇಳಿ ಪಡೆಯಿರಿ. ಬಸ್ಸು ತಪ್ಪಿಸಿ ಮಕ್ಕಳನ್ನು ಕೂರಿಸಿಕೊಂಡರೆ ಮುಂದಿನ ವಾರ ಹೆಣ್ಣುಮಕ್ಕಳನ್ನು ಮನೆಯವರು ಕಳಿಸುವುದಿಲ್ಲ.

8 ಮತ್ತು 9ನೇ ತರಗತಿಯವರಿಂದ ಶುರು ಮಾಡಿ. ಮಾರ್ಕ್ಸ್ ನೋಡಿ ಆರಿಸಬೇಡಿ, ಬರುತ್ತೇನೆ ಅಂದವರೆಲ್ಲ ಬರಲಿ.

ಮೊದಲ ದಿನಕ್ಕೆ ನನ್ನ ಲೆಕ್ಕ ಚೌಕಾಬಾರದ ಮಣೆ. ಸೀಮೆಸುಣ್ಣದಲ್ಲಿ ನೆಲದ ಮೇಲೆ 5×5 ಮನೆ ಬರೆಯಿರಿ. ಹಳೆಯ ರಟ್ಟನ್ನು ಎರಡೆರಡು ಮನೆ ಮುಚ್ಚುವಷ್ಟು ಉದ್ದಕ್ಕೆ ಕತ್ತರಿಸಿ 12 ತುಂಡು ಮಾಡಿ. ಇರುವುದು 25 ಮನೆ, 12 ತುಂಡು ಮುಚ್ಚುವುದು 24. ಒಂದು ಮನೆ ಖಾಲಿ ಉಳಿಯಲೇಬೇಕು. ಪ್ರಶ್ನೆ ಇಷ್ಟೇ: ಯಾವ ಯಾವ ಮನೆ ಖಾಲಿ ಬಿಡಬಹುದು?

ಮೂಲೆಯ ಮನೆ ಬಿಟ್ಟರೆ ಆಗುತ್ತದೆ ಅಂತ ಬೇಗ ಗೊತ್ತಾಗುತ್ತದೆ. ನಟ್ಟನಡುವಿನದೂ ಆಗುತ್ತದೆ. ಮೂಲೆಯ ಪಕ್ಕದ ಮನೆಯನ್ನು ಖಾಲಿ ಬಿಡಲು ಹೇಳಿ ನೋಡಿ. ಎಷ್ಟು ತಿರುಗಿಸಿ ಜೋಡಿಸಿದರೂ ಆಗುವುದಿಲ್ಲ. "ನಮಗೆ ಬರಲಿಲ್ಲ" ಅನ್ನುವುದಕ್ಕೂ "ಯಾರಿಂದಲೂ ಆಗದು" ಅನ್ನುವುದಕ್ಕೂ ಇರುವ ಅಂತರವನ್ನು ಮಕ್ಕಳು ಮೊದಲ ಸಲ ಕಾಣುವುದು ಇಲ್ಲೇ. ನನ್ನ ಮಟ್ಟಿಗೆ ಇಡೀ ಗಣಿತ ಅಲ್ಲಿಂದಲೇ ಶುರು. ಅವತ್ತು ಅಷ್ಟಕ್ಕೇ ಬಿಟ್ಟು ಮನೆಗೆ ಕಳಿಸಿ.

ಮುಂದಿನ ವಾರಕ್ಕೂ ಯಾರಿಗೂ ಹೊಳೆಯದಿದ್ದರೆ ಕೈಗೆ ಬಣ್ಣದ ಸೀಮೆಸುಣ್ಣ ಕೊಡಿ, ಬೇರೇನೂ ಹೇಳಬೇಡಿ. ಚದುರಂಗದ ಹಾಗೆ ಒಂದು ಬಿಟ್ಟು ಒಂದು ಮನೆಗೆ ಬಣ್ಣ ತುಂಬಿದರೆ, ಮೂಲೆಯ ಬಣ್ಣದವು 13, ಉಳಿದವು 12. ಪ್ರತಿ ತುಂಡೂ ಎರಡು ಬಣ್ಣದಿಂದ ಒಂದೊಂದು ಮನೆ ಮುಚ್ಚುತ್ತದೆ. ಹಾಗಾಗಿ ಖಾಲಿ ಉಳಿಯುವುದು 13ರ ಗುಂಪಿನದೇ ಆಗಬೇಕು. ಆ 13ರಲ್ಲಿ ಪ್ರತಿಯೊಂದನ್ನೂ ಬಿಡಬಹುದಾ ಅಂತ ಜೋಡಿಸಿ ತೋರಿಸುವ ಕೆಲಸ ಇನ್ನೂ ಇರುತ್ತದೆ, ಅದನ್ನು ಮರೆಯಬೇಡಿ. ಆಟದಲ್ಲಿ ಇಂಟು ಮಾರ್ಕ್ ಹಾಕುತ್ತೇವಲ್ಲ, ಆ ಐದು ಮನೆಗಳೂ ಈ ಗುಂಪಿನಲ್ಲೇ ಬರುತ್ತವೆ.

ನೋಟೀಸ್ ಬೋರ್ಡನ್ನೂ ಬಳಸಿ. "152207 × 73 ಎಷ್ಟು?" ಅಂತ ಬರೆದು ಬಿಡಿ. 11111111 ಬಂದಾಗ ಮಕ್ಕಳು ತಾವಾಗಿ ಓಡಿ ಬರುತ್ತಾರೆ. ಇನ್ನೊಂದು, 139 × 109 = 15151. ಇವು ನಮ್ಮ ನಾಡಿನ ಗಣಿತಜ್ಞ ಮಹಾವೀರಾಚಾರ್ಯ ಬರೆದಿಟ್ಟ, ಯಾವ ಕಡೆಯಿಂದ ಓದಿದರೂ ಒಂದೇ ಆಗುವ ಹಾರದಂಥ ಸಂಖ್ಯೆಗಳು. ರಾಷ್ಟ್ರಕೂಟರ ಅಮೋಘವರ್ಷನ ಕಾಲ, 9ನೇ ಶತಮಾನ. ಡಿಸೆಂಬರ್ 22ರ ಭಾಷಣದಲ್ಲಿ ಅವರ ಹೆಸರೂ ಬರಲಿ ಅನ್ನುವುದು ನನ್ನ ಬಹಳ ದಿನದ ಆಸೆ.

ಕೃಷ್ಣೆಯ ತೀರ

ಎಚ್‌ಎಂ ಮಾತಿಗೆ ನನ್ನ ಉತ್ತರ: 6174 ಮಾಡಿಸಿ. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲೆ ಮೇಷ್ಟ್ರಾಗಿದ್ದ ಕಾಪ್ರೇಕರ್ ಕಂಡುಹಿಡಿದದ್ದು. ನಾಲ್ಕು ಅಂಕಿಯ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಒಂದೇ ಅಂಕಿ ಇರಬಾರದು. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ. ಬಂದ ಉತ್ತರಕ್ಕೆ ಮತ್ತೆ ಹಾಗೇ ಮಾಡಿ. 3524ರಿಂದ ಹೊರಟರೆ 3087, 8352, 6174. ಆಮೇಲೆ 6174 ಬಿಟ್ಟು ಕದಲುವುದಿಲ್ಲ. ಯಾವ ಸಂಖ್ಯೆಯಾದರೂ 7 ಹೆಜ್ಜೆಯೊಳಗೆ ಅಲ್ಲಿಗೇ ಬರುತ್ತದೆ. ನಡುವೆ 999 ಬಂದರೆ 0999 ಅಂತ ಇಟ್ಟುಕೊಳ್ಳಬೇಕು, ಮಕ್ಕಳು ಎಡವುವುದು ಅಲ್ಲೇ.

ದಶಕ ತೆಗೆದುಕೊಂಡು ಕಳೆಯಲು ಬಾರದ 8ನೇ ತರಗತಿ ಮಕ್ಕಳು ನಮ್ಮಲ್ಲೂ ಇದ್ದಾರೆ. ಇದನ್ನು ಕೊಟ್ಟರೆ ಒಂದೇ ದಿನದಲ್ಲಿ ಅಷ್ಟೊಂದು ಕಳೆಯುವ ಲೆಕ್ಕವನ್ನು ಬೇಸರವಿಲ್ಲದೆ ಮಾಡುತ್ತಾರೆ. ಒಂದು ತಪ್ಪಿದರೆ ಎಷ್ಟೋ ಸಲ ದಾರಿ ಉದ್ದವಾಗಿ ಅವರಿಗೇ ಅನುಮಾನ ಬರುತ್ತದೆ, ತಾವೇ ತಿದ್ದಿಕೊಳ್ಳುತ್ತಾರೆ.

ಚುಕ್ಕಿ ಎಳೆ

ಹೈಸ್ಕೂಲಲ್ಲಿ ನಾನು ಇಂಥ ಸಂಘದಲ್ಲಿದ್ದೆ, ಈಗ ಧಾರವಾಡದಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ನಮ್ಮ ಟೀಚರ್ ರಂಗೋಲಿ ಚುಕ್ಕಿ ಇಡಿಸಿದ ದಿನ ನನಗೆ ಬಹಳ ಇಷ್ಟ. ಸಾಲಿಗೆ 1, 3, 5, 7, 5, 3, 1. ಒಟ್ಟು ಎಷ್ಟು, ಎಣಿಸದೆ ಹೇಳಿ ಅಂದರು. ಓರೆಯಾಗಿ ನೋಡಿದರೆ ನಾಲ್ಕು ನಾಲ್ಕರ ನಾಲ್ಕು ಸಾಲು, ಅವುಗಳ ನಡುವೆ ಮೂರು ಮೂರರ ಮೂರು ಸಾಲು ಕಾಣುತ್ತವೆ. 16 + 9 = 25. ನಡುಸಾಲಲ್ಲಿ 9 ಚುಕ್ಕಿ ಇರುವ ರಂಗೋಲಿಗೆ 25 + 16 = 41. ಅವತ್ತು ಬೋರ್ಡ್ ಹತ್ತಿರ ಹೋಗಿ ವಿವರಿಸಿದವರು ಜಾಸ್ತಿ ಹುಡುಗಿಯರೇ.

ಅಂಕಿ ಅಂಗಳ

ಒಲಿಂಪಿಯಾಡ್ ಬಗ್ಗೆ. ಮೊದಲ ಮೆಟ್ಟಿಲು ಐಒಕ್ಯೂಎಂ ಅನ್ನುವ ಅರ್ಹತಾ ಪರೀಕ್ಷೆ. 3 ಗಂಟೆಯಲ್ಲಿ 30 ಪ್ರಶ್ನೆ, ಎಲ್ಲದರ ಉತ್ತರವೂ 00ರಿಂದ 99ರೊಳಗಿನ ಪೂರ್ಣ ಸಂಖ್ಯೆ. ಅದರಲ್ಲಿ ಆಯ್ಕೆಯಾದವರಿಗೆ ಪ್ರಾದೇಶಿಕ ಮಟ್ಟದ ಆರ್‌ಎಂಒ, ಆಮೇಲೆ ರಾಷ್ಟ್ರಮಟ್ಟದ ಐಎನ್‌ಎಂಒ. ಆ ಎರಡರಲ್ಲಿ ಬರೀ ಉತ್ತರ ಸಾಲದು, ಸಾಧನೆ, ಅಂದರೆ ಅದು ಯಾಕೆ ಸರಿ ಅನ್ನುವ ಪೂರ್ತಿ ಕಾರಣ, ಬರೆಯಬೇಕು. ಮೊದಲ ವರ್ಷ ಇದನ್ನೇ ಗುರಿ ಮಾಡಬೇಡಿ ಮೇಡಂ. ಹಳೆಯ ಪ್ರಶ್ನೆಪತ್ರಿಕೆಗಳು ಇಂಗ್ಲಿಷಲ್ಲಿ ಸಿಗುತ್ತವೆ. ಆಗಾಗ ಒಂದು ಸುಲಭದ್ದನ್ನು ಆರಿಸಿ ಕನ್ನಡದಲ್ಲಿ ಬೋರ್ಡ್ ಮೇಲೆ ಬರೆಯಿರಿ. ಯಾರಿಗೆ ಹುಚ್ಚು ಹಿಡಿಯುತ್ತದೋ ಅವರನ್ನು 9ರಲ್ಲಿ ಪರೀಕ್ಷೆಗೆ ಕೂರಿಸಿ.

ಬಯಲುಸೀಮೆ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಟ್ಟು ಇವತ್ತೇ ಕತ್ತರಿಸುತ್ತೇನೆ. ಮೇಷ್ಟ್ರೇ, ಒಂದೇ ಅನುಮಾನ. ಚುರುಕಾದ ಇಬ್ಬರು ಮಕ್ಕಳು ಉತ್ತರ ಕೂಗಿಬಿಟ್ಟರೆ ಉಳಿದವರು ಕೈಬಿಡುತ್ತಾರಲ್ಲ?

ಮಲೆನಾಡ ಮೇಷ್ಟ್ರು

ಉತ್ತರ ಸಿಕ್ಕವರು ಬಾಯಿ ಬಿಡಬಾರದು ಅಂತ ಮೊದಲ ದಿನವೇ ನಿಯಮ ಮಾಡಿ ಮೇಡಂ. ಸಂಘಕ್ಕೆ ಒಂದು 200 ಪುಟದ ನೋಟ್‌ಬುಕ್ ಇರಲಿ. ಸಿಕ್ಕವರು ಅದರಲ್ಲಿ ಕಾರಣ ಸಮೇತ ಬರೆದು ನಿಮಗೆ ತೋರಿಸಲಿ. ಬರೆಯಲು ಕೂತಾಗ ಅರ್ಧ ಜನಕ್ಕೆ ತಮ್ಮ ಕಾರಣ ಇನ್ನೂ ಗಟ್ಟಿಯಾಗಿಲ್ಲ ಅಂತ ತಿಳಿಯುತ್ತದೆ. ಸರಿಯಾಗಿ ಬರೆದವರಿಗೆ ತಕ್ಷಣ 6×6 ಮಣೆ ಕೊಡಿ. ಓರೆಯಾಗಿ ಎದುರುಬದುರು ಇರುವ ಮೂಲೆಯ ಎರಡು ಮನೆ ತೆಗೆದು, ಉಳಿದ 34 ಮನೆಯನ್ನು 17 ತುಂಡಿನಲ್ಲಿ ಮುಚ್ಚಿ ಅನ್ನಿ.